ಎಡತೋಳಿನ ಗಂಧ

ಬಾರ್ಕೂರಿನ ಹೊಳೆ ದಾಟಿದರೆ ಸಿಗುವ ಸಣ್ಣ ಊರೊಂದರ ಮಹಾಲಿಂಗೇಶ್ವರನಿಗೆ ಶಾಮರಾಯ ಮಯ್ಯರು ಪೂಜೆ ಮಾಡಲು ಹಿಡಿದು ಮೂವತ್ತು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷ ಅವರ ಬಲಗೈ ಒಂದು ದಿನ ರಜೆ ಕೇಳಿದ್ದಿಲ್ಲ. ಕೇಳಿದ್ದರೂ ಕೊಡುವ ಪೈಕಿ ಅವರಲ್ಲ. ಹೋದ ಮಳೆಗಾಲದಲ್ಲಿ ದೇವಸ್ಥಾನದ ಬಾವಿಕಟ್ಟೆಯ ಪಾಚಿಯ ಮೇಲೆ ಕಾಲು ಜಾರಿತು. ಬೇರೆ ಯಾರಾದರೂ ಆಗಿದ್ದರೆ ಹಗ್ಗ ಬಿಟ್ಟು ಕಟ್ಟೆ ಹಿಡಿಯುತ್ತಿದ್ದರು. ಅಭಿಷೇಕದ ನೀರು ನೆಲಕ್ಕೆ ಬಿದ್ದೀತೆಂದು ಮಯ್ಯರು ಕಟ್ಟೆ ಬಿಟ್ಟು ಹಗ್ಗ ಹಿಡಿದರು. ಕೊಡಪಾನ ಉಳಿಯಿತು, ಭುಜ ಹೋಯಿತು.

ಹೋದದ್ದು ಹೋಯಿತೆಂದು ಒಪ್ಪಿಕೊಳ್ಳಲು ಅವರಿಗೆ ಮತ್ತೆ ಅರ್ಧ ವರ್ಷ ಬೇಕಾಯಿತು. ಬೈಂದೂರು ಬದಿಯಿಂದ ಯಾರೋ ತಂದುಕೊಟ್ಟ ತೈಲವನ್ನು ನವರಾತ್ರಿಯಿಂದ ಶಿವರಾತ್ರಿವರೆಗೆ ತಿಕ್ಕಿದರು. ಮನೆಯ ಕಂಬಕ್ಕೂ ತೈಲದ ಪರಿಮಳ ಹತ್ತಿತೇ ಹೊರತು ಕೈ ಎದೆಮಟ್ಟದಿಂದ ಮೇಲೆ ಏಳಲಿಲ್ಲ. ಶಿವರಾತ್ರಿಯ ಮಹಾಪೂಜೆಯಲ್ಲಿ ಆರತಿತಟ್ಟೆ ಲಿಂಗದ ಪೀಠದ ಹತ್ತಿರವೇ ನಡುಗಿ ನಿಂತಿತು. ಎಡಗೈಯಿಂದ ಬಲಮೊಣಕೈಯನ್ನು ಎತ್ತಿ ಹಿಡಿದು ಹೇಗೋ ಒಂದು ಸುತ್ತು ಬೆಳಗಿದರು. ಹೊರಗೆ ನಿಂತ ಜನ ಗಂಟೆ ಬಾರಿಸುತ್ತಿದ್ದರು. ಒಳಗೆ ಮಯ್ಯರ ಕಣ್ಣಲ್ಲಿ ನೀರು ಬಂದದ್ದು ಮಹಾಲಿಂಗನಿಗೆ ಮಾತ್ರ ಗೊತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಹಾಗೆ, ಮಾರನೆಯ ವಾರ ಹೆಂಡತಿ ಗೋಮತಿಯನ್ನು ಕರೆದುಕೊಂಡು ಕುಂದಾಪುರದ ಆಸ್ಪತ್ರೆಗೆ ಹೋದರು.

ಅಲ್ಲಿನ ಡಾಕ್ಟರು ಯತೀಶ್, ಮಿತಮಾತಿನ ಮನುಷ್ಯ. ಭುಜದ ಗುಂಡನ್ನು ಹಿಡಿದಿಡುವ ಸ್ನಾಯುವಿನ ತುದಿ ಎಲುಬಿನಿಂದ ಕಿತ್ತು ಬಂದಿದೆ ಎಂದರು. ಆಪರೇಷನ್ ಮಾಡಿ, ಬಿಡುಗಡೆಯ ದಿನ ಮಂಚದ ಪಕ್ಕ ಕೂತು ಒಂದೇ ಸಲಕ್ಕೆ ಎಲ್ಲ ಹೇಳಿದರು.

"ಮಯ್ಯರೇ, ನಾನು ದಾರ ಹಾಕಿ ಎಲುಬಿಗೆ ಕಟ್ಟಿದ್ದೇನೆ, ಅಷ್ಟೆ. ಅಂಟುವುದು ನಿಮ್ಮ ಮೈಯ ಕೆಲಸ. ವಯಸ್ಸು ಅರವತ್ತು ದಾಟಿದೆ, ಅದಕ್ಕೆ ನಾನೂ ನೀವೂ ಏನೂ ಮಾಡುವ ಹಾಗಿಲ್ಲ. ಹರಿದದ್ದು ಅಗಲ ಇತ್ತು. ಬರುವಾಗ ತಡ ಬೇರೆ ಮಾಡಿದಿರಿ. ಇನ್ನೂ ಎಣ್ಣೆ ತಿಕ್ಕಿಕೊಂಡು ಕೂತಿದ್ದರೆ ಆ ಸ್ನಾಯು ಸೊರಗಿ, ಕಟ್ಟಲಿಕ್ಕೆ ಏನೂ ಉಳಿಯುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು, ಅದು ಅಡುಗೆ ಮಾಡುವ ಗೋಮತಿ ಅಮ್ಮನ ಕೈಲಿದೆ. ಈ ಬೆಲ್ಟು ನಿಮ್ಮ ಕೈಲಿದೆ. ಆರು ವಾರ, ನಿದ್ದೆಯಲ್ಲೂ ಇರಬೇಕು. ಮೀಯುವಾಗ ತೆಗೆದರೂ ಕೈ ಮೈಗೆ ಒತ್ತಿಕೊಂಡೇ ಇರಬೇಕು. ಬಲಗೈಯನ್ನು ನೀವಾಗಿ ಎತ್ತಬಾರದು. ಈಗ ಮತ್ತೆ ಕಿತ್ತುಬಂದರೆ ಎರಡನೇ ಸಲ ಕಟ್ಟುವುದು ಕಷ್ಟ."

ಬೆಲ್ಟು ಎಂದರೆ ಕೈಯನ್ನು ಕುತ್ತಿಗೆಗೆ ತೂಗುಹಾಕುವ ಕಪ್ಪು ಚೀಲ. ಕೈಗೂ ಸೊಂಟಕ್ಕೂ ನಡುವೆ ಇಟ್ಟಿಗೆಯಷ್ಟು ದಪ್ಪದ ಒಂದು ಮೆತ್ತೆ. ಮಯ್ಯರು ಅದನ್ನು ಹಾಕಿಕೊಂಡು ಊರಿಗೆ ಬಂದಾಗ ದೇವಸ್ಥಾನದ ಮೊಕ್ತೇಸರ ಭೋಜರಾಜ ಶೆಟ್ಟರು ಮನೆಗೇ ಬಂದು ಮಾತಾಡಿಸಿದರು. ಮಯ್ಯರ ಅಣ್ಣನ ಮಗ ಶ್ರೀಶ ಬೆಳಿಗ್ಗೆ ತನ್ನ ಅಂಗಡಿ ತೆರೆಯುವ ಮೊದಲು ಪೂಜೆ ಮುಗಿಸಿ ಹೋಗುವುದೆಂದು ತೀರ್ಮಾನವಾಯಿತು.

"ಕಾರ್ತಿಕದ್ ವರೆಗೆ ಹೀಂಗೇ ನಡೀಲಿ ಮಯ್ಯರೆ. ಆಮೇಲೂ ಕೈ ಬರ್ದಿರೆ..." ಶೆಟ್ಟರು ಅರ್ಧಕ್ಕೆ ನಿಲ್ಲಿಸಿದರು. ಒಳ್ಳೆಯ ಮನುಷ್ಯ, ಪೂರ್ತಿ ಹೇಳಲು ಬಾಯಿ ಬರಲಿಲ್ಲ. ಉಳಿದ ಅರ್ಧ ಮಯ್ಯರಿಗೆ ಗೊತ್ತಾಯಿತು. ಎಡಗೈಯಲ್ಲಿ ಆರತಿ ಬೆಳಗುವ ಪೂಜೆ ಯಾವ ಶಾಸ್ತ್ರದಲ್ಲೂ ಇಲ್ಲ. ಬಲಗೈ ಏಳದಿದ್ದರೆ ಆ ಗರ್ಭಗುಡಿಯ ಹೊಸ್ತಿಲು ತನಗೆ ಇನ್ನು ಹೊರಗಿನಿಂದಲೇ. ಆ ಯೋಚನೆ ಬಂದಾಗೆಲ್ಲ ಅವರು ಬೆಲ್ಟಿನ ಪಟ್ಟಿಯನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಷ್ಟು ಭಯವಿದ್ದ ಮನುಷ್ಯ ಬೆಲ್ಟನ್ನು ಪ್ರಾಣದಂತೆ ಕಾಯಬೇಕಿತ್ತು. ಕಾದರು ಕೂಡ, ದಿನದ ಇಪ್ಪತ್ತೆರಡು ಗಂಟೆ. ಉಳಿದ ಎರಡು ಗಂಟೆಯೇ ತೊಡಕು. ಬೆಳಿಗ್ಗೆ ಮಿಂದು ಮಡಿಯುಟ್ಟ ಮೇಲೆ ಮನೆಯ ದೇವರ ಪೂಜೆ. ಮಡಿಯೆಂದರೆ ಹೊಲಿಗೆಯಿಲ್ಲದ ಬಟ್ಟೆ, ಒಗೆದು ಯಾರೂ ಮುಟ್ಟದಂತೆ ಒಣಗಿಸಿದ್ದು. ಆ ಬೆಲ್ಟಿಗೆ ಮೈತುಂಬ ಹೊಲಿಗೆ. ಮಯ್ಯರು ಅದನ್ನು ಬಿಚ್ಚಿ ಗೋಡೆಯ ಗಿಳಿಗೂಟಕ್ಕೆ ತೂಗುಹಾಕಿ ದೇವರಕೋಣೆ ಸೇರುತ್ತಿದ್ದರು.

"ಹ್ವಾಯ್, ಡಾಕ್ಟ್ರ್ ಎಂತ ಹೇಳೀರ್? ತೆಗೂಕಾಗ ಅಂದೇಳಿ ಅಲ್ದಾ?" ಗೋಮತಿ ಅಡುಗೆಮನೆಯ ಬಾಗಿಲಲ್ಲೇ ತಡೆದಳು.

"ಹೊಲ್ದದ್ದ್ ಹಾಯ್ಕಂಡ್ ದೇವ್ರ್ ಮುಟ್ಟೂಕಾತ್ತಾ? ಆಸ್ಪತ್ರಿ, ಬಸ್ಸ್, ರಿಕ್ಷ ಎಲ್ಲ ತಿರ್ಗಿ ಬಂದ ವಸ್ತು ಅದ್."

"ಹಂಗಾರೆ ಶ್ರೀಶನೇ ಇಲ್ಲಿಗೂ ಬಂದ್ ಪೂಜೆ ಮಾಡ್ಲಿ."

"ದೇವಸ್ಥಾನ ಕೊಟ್ಟಾಯ್ತ್, ಮನಿ ದೇವ್ರನ್ನೂ ಕೊಡ್ಕಾ? ದೇವ್ರ್ ಕೆಲ್ಸ ಮಾಡಿ ಯಾರ್ ಕೈಯೂ ಕೆಟ್ಟದ್ದಿಲ್ಲೆ."

"ದೇವ್ರ್ ಬಾವಿ ಹಗ್ಗ ಹಿಡ್ದೇ ಅಲ್ದಾ ಕೆಟ್ಟದ್ದ್?"

ಮಯ್ಯರು, ಮಾತಿಗೆ ಸೋತಾಗ ಗಂಡಸರು ಮಾಡುವುದನ್ನೇ ಮಾಡಿದರು, ಮಂತ್ರ ಜೋರಾಗಿ ಹೇಳಿದರು. ಕೈಯನ್ನು ಮೈಗೆ ಒತ್ತಿಯೇ ಇಟ್ಟುಕೊಳ್ಳುತ್ತೇನೆ ಎಂದು ಅವರು ನಂಬಿದ್ದರು. ಆದರೆ ಅಭ್ಯಾಸಬಲ ಎಂಬುದು ಡಾಕ್ಟರ ಮಾತು ಕೇಳುತ್ತದೆಯೇ? ಸಾಲಿಗ್ರಾಮಕ್ಕೆ ನೀರೆರೆಯಲು, ಹೂವೇರಿಸಲು, ಆರತಿ ಬೆಳಗಲು ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಮೂರನೇ ವಾರ ಆರತಿಯೆತ್ತುವಾಗ ಭುಜದೊಳಗೆ ಚಳಕ್ಕೆಂದಿತು. ಮಯ್ಯರು ಆ ದಿನ ಮಂಗಳಾರತಿಯನ್ನು ಅರ್ಧಕ್ಕೇ ಮುಗಿಸಿದರು. ಗೋಮತಿಗೆ ಹೇಳಲಿಲ್ಲ. ಅವಳು ಬಾಗಿಲ ಸಂದಿಯಿಂದ ನೋಡಿದ್ದಳು, ಅವಳೂ ಹೇಳಲಿಲ್ಲ.

ಆ ಮಧ್ಯಾಹ್ನವೂ ಬ್ರಹ್ಮಾವರಕ್ಕೆ ಹೋಗಬೇಕಿತ್ತು, ಕೈಯ ವ್ಯಾಯಾಮಕ್ಕೆ. ಅಲ್ಲಿ ಪೇಟೆಯಲ್ಲಿ ಸುರಕ್ಷಾ ಎಂಬ ಹುಡುಗಿಯ ಸಣ್ಣ ಚಿಕಿತ್ಸಾಲಯ. ಕಡಲತೀರದ ಕೋಡಿಯ ಬಚ್ಚನ ಮಗಳು. ಬಚ್ಚ ಜೀವಮಾನವೆಲ್ಲ ಕಡಲಲ್ಲಿ ದೋಣಿ ನಡೆಸಿದವನು, ಮಗಳನ್ನು ಮಾತ್ರ ಓದಿಸಿದ. ಅವಳು ಮಯ್ಯರ ಕೈಯನ್ನು ಹಸುಗೂಸನ್ನು ಎತ್ತಿದ ಹಾಗೆ ಎತ್ತಿ, ಇಷ್ಟಿಷ್ಟೇ ಮೇಲಕ್ಕೆ ಒಯ್ದು, ಮತ್ತೆ ತಂದು ಇಡುತ್ತಿದ್ದಳು. ಮಡಿಯಲ್ಲಿ ಇಲ್ಲದಾಗ ಯಾರು ಮುಟ್ಟಿದರೂ ಮಯ್ಯರಿಗೆ ಅಡ್ಡಿಯಿಲ್ಲ. ಮಡಿಯಲ್ಲಿದ್ದರೆ ಸ್ವಂತ ಹೆಂಡತಿಯನ್ನೂ ದೂರ ನಿಲ್ಲಿಸುವ ಜಾತಿ.

ಅಂಗಿ ತೊಡಲು ಬಾರದ್ದರಿಂದ ಅವರು ಶಾಲು ಹೊದ್ದೇ ಹೋಗುತ್ತಿದ್ದರು. ಆ ದಿನ ಸುರಕ್ಷಾ ಶಾಲು ಸರಿಸಿ, ಬೆಲ್ಟು ಸಡಿಲಿಸಿ, ಒಂದು ಗಳಿಗೆ ಹಾಗೇ ನಿಂತಳು. ಅವಳು ನೋಡುತ್ತಿದ್ದದ್ದು ಬಲಭುಜವನ್ನಲ್ಲ, ಎಡತೋಳನ್ನು. ಅಲ್ಲಿ ಮೂರು ಎಳೆ ಗಂಧ ಒಣಗಿ ಕೂತಿತ್ತು, ಗೆರೆ ಎಳೆದಷ್ಟು ನೇರ. ಬಲತೋಳಿನಲ್ಲಿ ಏನೂ ಇರಲಿಲ್ಲ.

"ಭಟ್ರೆ, ಈ ಗಂಧ ಯಾರ್ ಹಚ್ಚಿದ್ದ್?"

"ನಾನೇ," ಎಂದು ಬಾಯಿಂದ ಬಂದುಹೋಯಿತು.

"ಎಡತೋಳಿಗೆ ಎಡಗೈ ತಾಗತ್ತಾ?"

ಮಯ್ಯರು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡಿದರು. ಗಂಧವನ್ನು ಎಡತೋಳಿಗೆ ಎಳೆಯಬೇಕಾದರೆ ಬಲಗೈ ಬೆಲ್ಟಿನಿಂದ ಹೊರಗೆ ಬಂದು, ಎದೆಯನ್ನು ದಾಟಿ, ಆಚೆ ಬದಿಗೆ ಹೋಗಬೇಕು. ಯಾವುದನ್ನು ಮಾಡಬಾರದು ಎಂದು ಈ ಹುಡುಗಿ ಮೊದಲ ದಿನವೇ ಹೇಳಿದ್ದಳೋ ಸರಿಯಾಗಿ ಅದು. ಇನ್ನು ಮುಚ್ಚಿಡಲು ಏನಿದೆ? ಮಡಿ, ಹೊಲಿಗೆ, ಗಿಳಿಗೂಟ, ಬೆಳಗಿನ ಚಳಕು, ಎಲ್ಲ ಹೇಳಿದರು. ಹೇಳುತ್ತ ಹೇಳುತ್ತ ಬೈಗುಳಕ್ಕೆ ಮನಸ್ಸು ಗಟ್ಟಿಮಾಡಿಕೊಂಡರು. ಈ ಕಾಲದಲ್ಲೂ ಇದೆಲ್ಲ ಉಂಟಾ ಎಂದು ನಕ್ಕುಬಿಡಬಹುದು, ಅದು ಬೈಗುಳಕ್ಕಿಂತ ಕಷ್ಟ.

ಸುರಕ್ಷಾ ನಗಲೂ ಇಲ್ಲ, ಬೈಯಲೂ ಇಲ್ಲ. ಸ್ಟೂಲೆಳೆದು ಎದುರಿಗೆ ಕೂತಳು.

"ನಿಮ್ಗೆ ಹೊಲ್ದದ್ದ್ ಆತಿಲ್ಲೆ. ನಂಗೆ ಬೆಲ್ಟ್ ಬೇಕೇ ಬೇಕ್. ಹೊಲ್ಗಿ ಇಲ್ದಿದ್ ಬೆಲ್ಟ್ ಆರೆ ಅಡ್ಡಿ ಇತ್ತಾ?"

ಮಯ್ಯರು ಬೆಪ್ಪಾಗಿ ನೋಡಿದರು. ಅವರ ಮಡಿಯನ್ನು ಈ ಹುಡುಗಿ ಒಂದು ಹುಚ್ಚು ಎಂದುಕೊಳ್ಳದೆ, ಗಂಟುನೋವಿನ ಹಾಗೆ, ಸಕ್ಕರೆ ಕಾಯಿಲೆಯ ಹಾಗೆ, ಲೆಕ್ಕಕ್ಕೆ ಹಿಡಿದು ಕೆಲಸ ಮಾಡಬೇಕಾದ ಒಂದು ಸಂಗತಿ ಎಂದು ತೆಗೆದುಕೊಂಡಿದ್ದಳು. "ಇಲ್ಲೆ, ಅಡ್ಡಿ ಇಲ್ಲೆ," ಎಂದರು.

"ಡಾಕ್ಟ್ರಿಗೆ ಮಾತ್ರ ನೀವೇ ಫೋನ್ ಮಾಡಿ ಹೇಳ್ಕ್," ಎಂದಳು. ಅಲ್ಲಿಂದಲೇ ಮಾಡಿದರು. ಯತೀಶ್ ಡಾಕ್ಟರು ಎಲ್ಲ ಕೇಳಿ, "ಮೂರು ವಾರ ದಿನಾ ಬಿಚ್ಚಿದ್ದೀರಿ. ಉಳಿದಿದೆಯೋ ಇಲ್ಲವೋ ಈಗ ಹೇಳಲಾರೆ. ಇನ್ನು ಮೇಲಾದರೂ ಸರಿಯಾಗಿರಿ, ಮೂರು ತಿಂಗಳಾದ ಮೇಲೆ ಸ್ಕ್ಯಾನ್ ಮಾಡಿ ನೋಡುವ," ಎಂದರು.

ಮನೆಗೆ ಬರುವಾಗ ಮಯ್ಯರಿಗೆ ಒಂದು ವಿಷಯ ಹೊಳೆಯಿತು. ಬ್ರಹ್ಮಾವರಕ್ಕೆ ಹೊರಡುವ ಮೊದಲು ಗೋಮತಿ ದಿನಾ ಒದ್ದೆ ಬೈರಾಸಿನಲ್ಲಿ ಅವರ ಮೈ ಒರೆಸಿ ಕಳಿಸುತ್ತಿದ್ದಳು. ಇವತ್ತು ಮಾತ್ರ, "ಹೊತ್ತಾಯ್ತ್, ಬಸ್ಸ್ ತಪ್ಪತ್ತ್," ಎಂದು ಹಾಗೇ ಶಾಲು ಹೊದಿಸಿ ದೂಡಿದ್ದಳು.

"ನೀ ಬೇಕಂದೇ ಒರ್ಸ್ಲಿಲ್ಲೆ ಅಲ್ದಾ?" ಎಂದು ಕೇಳಿದರು.

"ಗಂಡನ್ ಮೇಲೆ ಚಾಡಿ ಹೇಳು ಜಾತಿ ನಾನಲ್ಲ. ನಾ ಯಾರಿಗೂ ಒಂದ್ ಮಾತ್ ಹೇಳ್ಲಿಲ್ಲೆ," ಎಂದಳು ಗೋಮತಿ, ತಲೆಯೆತ್ತದೆ ತೆಂಗಿನಕಾಯಿ ತುರಿಯುತ್ತ. ಗಂಡ ಚಾಪೆ ಕೆಳಗೆ ತೂರಿದರೆ ಹೆಂಡತಿ ರಂಗೋಲಿ ಕೆಳಗೆ ತೂರಬಲ್ಲಳು. ಮಯ್ಯರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಭಾನುವಾರ ಸುರಕ್ಷಾ ಸ್ಕೂಟರಿನಲ್ಲಿ ಮನೆಗೇ ಬಂದಳು. ಗೋಮತಿ ಜಗಲಿಯಲ್ಲಿ ಎರಡು ಹಳೆಯ ಪಂಚೆ ಹರಡಿದಳು. ಒಂದನ್ನು ಮಡಿಸಿ ಕೈಗೆ ತೊಟ್ಟಿಲು ಮಾಡುವುದು, ಇನ್ನೊಂದನ್ನು ಬಿಗಿಯಾಗಿ ಸುತ್ತಿ ಮೆತ್ತೆಯ ಬದಲು ಬಗಲಿಗೆ ಕೊಡುವುದು, ಅಲ್ಲಿಯವರೆಗೆ ಸುಲಭ. ಗಂಟಿನದೇ ಕಷ್ಟ. ಗೋಮತಿ ಹಾಕಿದ ಗಂಟು ಒಂದೋ ಜಾರಿ ಕೈ ಕೆಳಗಿಳಿಯಿತು, ಇಲ್ಲವೇ ಬಿಗಿದು ಕುತ್ತಿಗೆ ಕುಯ್ಯಿತು. ಸುರಕ್ಷಾ ಸ್ವಲ್ಪ ಯೋಚಿಸಿ, ಪಂಚೆಯ ಒಂದು ತುದಿಯಲ್ಲಿ ಕುಣಿಕೆ ಮಾಡಿ, ಇನ್ನೊಂದು ತುದಿಯನ್ನು ಅದರೊಳಗಿಂದ ತೂರಿಸಿ, ಹಿಂದಿನಿಂದ ಸುತ್ತಿ ಮತ್ತೆ ಕುಣಿಕೆಗೇ ಇಳಿಸಿ ಎಳೆದಳು.

"ಇದ್ ಅಪ್ಪಯ್ಯ ದೋಣಿ ಕಟ್ಟು ಗಂಟ್ ಅಮ್ಮ. ಎಷ್ಟ್ ಎಳ್ದ್ರೂ ಜಾರತಿಲ್ಲೆ, ಬಿಗಿಯತ್ತೂ ಇಲ್ಲೆ. ಬಿಚ್ಚೂಕೆ ಒಂದೇ ಬೆರಳ್ ಸಾಕ್."

ಗೋಮತಿ ಜಗಲಿಯ ಕಂಬವನ್ನೇ ಗಂಡನೆಂದು ತಿಳಿದು ಸಂಜೆಯವರೆಗೆ ಕಟ್ಟಿ ಬಿಚ್ಚಿ ಕಲಿತಳು. ಕಂಬ ಗಂಡನಿಗಿಂತ ಚೆನ್ನಾಗಿ ಹೇಳಿದ ಮಾತು ಕೇಳುತ್ತದೆ ಎಂದು ನಡುವೆ ಒಂದು ಮಾತು ಬೇರೆ. ಮಾರನೆಯ ದಿನದಿಂದ, ಮಿಂದು ಮಡಿಯುಟ್ಟ ಗೋಮತಿ ಮಡಿಯುಟ್ಟ ಗಂಡನಿಗೆ ಒಗೆದೊಣಗಿಸಿದ ಪಂಚೆಯಲ್ಲಿ ಕೋಡಿಯ ದೋಣಿಗಂಟು ಹಾಕಿ ದೇವರ ಮುಂದೆ ಕೂರಿಸುವಂತಾಯಿತು.

ಕೈ ಕಟ್ಟಿದ್ದಾಯಿತು ಸರಿ, ಪೂಜೆ ಮಾಡುವವರು ಯಾರು? ಮಯ್ಯರು ಎಡಗೈಯನ್ನು ನೋಡಿದರು, ದೇವರನ್ನು ನೋಡಿದರು. ಹೆಂಗಸರು ಅಭಿಷೇಕ ಮಾಡುವ ಕ್ರಮ ಅವರ ಮನೆಯಲ್ಲಿರಲಿಲ್ಲ. ಗೋಮತಿ ಕಲಶವನ್ನು ಕೈಗೆತ್ತಿಕೊಂಡು, "ಮಂತ್ರ ಹೇಳಿ. ಕೈ ನಂದ್, ಪೂಜೆ ನಿಮ್ದ್," ಎಂದಳು. ಅವರು ಬಾಯಿ ತೆರೆದದ್ದು ಬೇಡವೆನ್ನಲು. ಬಂದದ್ದು ಮಂತ್ರ.

ಹಾಗೆ ಬೆಲ್ಟಿನ ಅವಧಿ ಮುಗಿಯುವವರೆಗೂ ನಡೆಯಿತು. ಸುಮ್ಮನೆ ಕೂತು ನೋಡುವ ಕೆಲಸ ಮಯ್ಯರಿಗೆ ಜೀವನದಲ್ಲಿ ಮೊದಲ ಸಲ ಬಂದದ್ದು. ಗೋಮತಿ ನೀರೆರೆಯುತ್ತಿದ್ದಳು, ನೀರು ಎಳೆಯಾಗಿ ಇಳಿಯುತ್ತಿತ್ತು. ದಿನಾ ಒಲೆಯೆದುರು ಗಂಜಿ ಬಸಿಯುವ ಕೈ, ತನ್ನ ಊಟವನ್ನು ಅಳೆದು ಸಕ್ಕರೆಯನ್ನು ಹದ್ದುಬಸ್ತಿನಲ್ಲಿಟ್ಟ ಕೈ, ಮಲಗುವಾಗ ಮೊಣಕೈ ಕೆಳಗೆ ದಿಂಬು ತುರುಕುವ ಕೈ. ಮೂವತ್ತೈದು ವರ್ಷ ಈ ಕೈ ತನ್ನ ಎದುರಿಗೇ ಇತ್ತು, ತಾನು ನೋಡುತ್ತಿದ್ದದ್ದು ಬಡಿಸಿದ್ದನ್ನು ಮಾತ್ರ. ಒಂದು ಬೆಳಿಗ್ಗೆ ಮಂತ್ರದ ನಡುವೆ ನಿಂತು, "ನೀ ಇದ್ದದ್ದ್ ನನ್ನ ಪುಣ್ಯ ಮಾರಾಯ್ತಿ," ಎಂದುಬಿಟ್ಟರು. ಗೋಮತಿ ಕಲಶ ಹಿಡಿದಲ್ಲೇ, "ಅದ್ ಯಾವ ಮಂತ್ರ?" ಎಂದಳು. ಆದರೆ ಅವಳ ಕಣ್ಣು ಹನಿದದ್ದನ್ನು ಅವರು ಕಂಡರು.

ಸ್ಕ್ಯಾನಿನ ದಿನ ಇಬ್ಬರೂ ಕುಂದಾಪುರದ ಬಸ್ಸು ಹತ್ತಿದರು. ಕಿತ್ತುಹೋಗಿದ್ದರೆ ಶೆಟ್ಟರಿಗೆ ಏನು ಹೇಳುವುದು ಎಂದು ಮಯ್ಯರು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದರು. ಯತೀಶ್ ಡಾಕ್ಟರು ಚಿತ್ರವನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದರು.

"ಮುಂದಿನ ಅಂಚು ಸ್ವಲ್ಪ ತೆಳ್ಳಗಾಗಿದೆ. ಅದು ನಿಮ್ಮ ಆರತಿಯ ಪ್ರಸಾದ," ಎಂದರು. "ಉಳಿದದ್ದೆಲ್ಲ ಅಂಟಿದೆ ಮಯ್ಯರೇ. ನಾನು ನಂಬಿರಲಿಲ್ಲ. ಇನ್ನೂ ಮೂರು ವಾರ ನೀವು ಹಾಗೇ ಬಿಚ್ಚುತ್ತಿದ್ದರೆ ಇವತ್ತು ಬೇರೆ ಮಾತಾಡಬೇಕಿತ್ತು. ನಾನು ಕಟ್ಟಿ ಕೊಟ್ಟೆ, ಉಳಿಸಿದವಳು ಸುರಕ್ಷಾ."

ಗೋಮತಿ ಅಲ್ಲೇ ಡಾಕ್ಟರ ಎದುರೇ ಕೈಮುಗಿದಳು. ಡಾಕ್ಟರಿಗೋ, ದೇವರಿಗೋ, ಬ್ರಹ್ಮಾವರದ ದಿಕ್ಕಿಗೋ ಕೇಳಬೇಡಿ, ಅವಳಿಗೂ ಗೊತ್ತಿರಲಿಲ್ಲ.

ಆಮೇಲಿನದು ದುಡಿಮೆ. ಸುರಕ್ಷಾ ಕೋಲು ಕೊಟ್ಟಳು, ರಬ್ಬರಿನ ಪಟ್ಟಿ ಕೊಟ್ಟಳು, ಗೋಡೆಯ ಮೇಲೆ ಬೆರಳು ನಡೆಸಿ ಹತ್ತಿಸಿದಳು. ಭುಜವನ್ನು ಕಿವಿಯ ಕಡೆಗೆ ಏರಿಸಿದರೆ ಗದರಿದಳು, ಎರಡು ಬೆರಳು ಹೆಚ್ಚು ಎತ್ತಿದರೆ ದೋಣಿ ಸ್ಪರ್ಧೆಯಲ್ಲಿ ತನ್ನ ಅಪ್ಪನೇ ಗೆದ್ದಂತೆ ಕುಣಿದಳು. ಮಯ್ಯರು ಯಾವಾಗ "ಡಾಕ್ಟ್ರೆ" ಬಿಟ್ಟು "ಮಗಾ" ಎನ್ನಲು ಶುರುಮಾಡಿದರೋ ಇಬ್ಬರಿಗೂ ನೆನಪಿಲ್ಲ.

ಕಾರ್ತಿಕದ ಮೊದಲ ಸೋಮವಾರ ಮಯ್ಯರು ಗರ್ಭಗುಡಿಯ ಹೊಸ್ತಿಲು ದಾಟಿದರು. ಊರವರೆಲ್ಲ ಸೇರಿದ್ದರು. ಭೋಜರಾಜ ಶೆಟ್ಟರು ಎದುರಿಗೇ ಇದ್ದರು, ಗೋಮತಿ ಕಂಬದ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದಳು, ಹೇಳಿಕಳಿಸಿದ್ದಕ್ಕೆ ಸುರಕ್ಷಾ ಅಪ್ಪ ಬಚ್ಚನನ್ನು ಕರೆದುಕೊಂಡು ಬಂದಿದ್ದಳು. ಮಯ್ಯರು ಆರತಿ ಎತ್ತಿದರು. ಪೀಠ ದಾಟಿತು, ಲಿಂಗ ದಾಟಿತು, ನಿಧಾನವಾಗಿ ಬೆಳ್ಳಿಯ ಪ್ರಭಾವಳಿಯ ತುದಿಯವರೆಗೆ ಹೋಯಿತು. ನಡುಕವಿಲ್ಲ. ಎಡಗೈ ಗಂಟೆ ತೂಗುತ್ತಿತ್ತು, ಬಲಗೈಗೆ ಅದರ ಆಸರೆ ಬೇಕಾಗಲಿಲ್ಲ. ಮಹಾಲಿಂಗನ ಎದುರು ಅವರು ಈ ಸಲವೂ ಅತ್ತರು, ಸಂತೋಷಕ್ಕೆ.

ಪೂಜೆಯಾಗಿ ಪ್ರಸಾದ ಕೊಡುವ ಹೊತ್ತು. ಮಡಿಯಲ್ಲಿರುವ ಭಟ್ಟರು ಯಾರ ಕೈಯೂ ತಾಗದಂತೆ ಗೇಣು ಮೇಲಿನಿಂದ ಗಂಧ, ಹೂವು ಬಿಡುವುದು ಆ ದೇವಸ್ಥಾನದ ಕ್ರಮ. ಮಯ್ಯರ ಅಪ್ಪ, ಅಜ್ಜ ಹಾಗೇ ಕೊಟ್ಟದ್ದು. ಸಾಲಿನಲ್ಲಿ ಬಂದ ಸುರಕ್ಷಾ ಅಂಗೈ ಒಡ್ಡಿದಳು, ಬೀಳುವುದನ್ನು ಹಿಡಿಯಲು ಬೊಗಸೆ ಮಾಡಿಕೊಂಡು. ಮಯ್ಯರ ಕೈಯನ್ನು ಹಸುಗೂಸಿನಂತೆ ಎತ್ತಿ ಇಳಿಸಿದ ಅಂಗೈ ಅದು. ಅದರ ಮೇಲೆ ಎತ್ತರದಿಂದ ಉದುರಿಸಲು ಮಯ್ಯರಿಗೆ ಆಗಲಿಲ್ಲ. ಕೈ ಕೆಳಗಿಳಿಯಿತು. ಗಂಧವನ್ನೂ ಹೂವನ್ನೂ ಅವಳ ಅಂಗೈಯ ನಡುವೆ ಇಟ್ಟು, ಬೆರಳು ಒತ್ತಿ, "ನಿನ್ನಿಂದ ಮಗಾ," ಎಂದರು. ಅವಳ ಹಿಂದೆ ನಿಂತ ಬಚ್ಚನ ಒರಟು ಅಂಗೈಗೂ ಹಾಗೇ ಇಟ್ಟರು.

ಅವನ ಹಿಂದೆ ಭೋಜರಾಜ ಶೆಟ್ಟರು. ಅವರ ಹುಬ್ಬು ಮೇಲೇರಿತ್ತು.

"ಮಯ್ಯರೆ, ಇದೆಂತ ಹೊಸ ಕ್ರಮ?"

ಆಗಷ್ಟೇ ಪ್ರಭಾವಳಿಯ ತುದಿಯವರೆಗೆ ಆರತಿ ಎತ್ತಿದ ಮನುಷ್ಯ, ಎಲ್ಲರ ಎದುರು ಬಲಭುಜ ಮುಟ್ಟಿಕೊಂಡು, "ಭುಜ ಶೆಟ್ರೆ. ಮೇಲಿಂದ ಬಿಡೂಕೆ ಆತಿಲ್ಲೆ," ಎಂದರು.

ಶೆಟ್ಟರು ಸುರಕ್ಷಾಳ ಕಡೆ ತಿರುಗಿದರು. "ಹೌದಾ? ಎಷ್ಟ್ ದಿನ ಹೀಂಗೆ?"

ಸುರಕ್ಷಾ ಮಯ್ಯರ ಭುಜವನ್ನೊಮ್ಮೆ ನೋಡಿದಳು. ಅದರೊಳಗಿನ ಎಳೆ ಎಳೆಯೂ ಅವಳಿಗೆ ಗೊತ್ತು.

"ಮೇಲಿಂದ ಬಿಡೂಕಾಗ," ಎಂದಳು, "ಯಾರಿಗೂ. ಅವ್ರ್ ಪೂಜೆ ಮಾಡುವಲ್ಲಿವರೆಗೆ."

ಶೆಟ್ಟರು ಒಮ್ಮೆ ಅವಳನ್ನು, ಒಮ್ಮೆ ಮಯ್ಯರನ್ನು ನೋಡಿದರು. ಆಮೇಲೆ ಅಂಗೈ ಮುಂದೆ ಚಾಚಿದರು.